ಯಜಮಾನರ ಪ್ರಿಂಟರು

ನಗಬಾರದ ಹೊತ್ತಿನಲ್ಲಿ ನಗು ಬರಿಸುವ ಸಂಗತಿಗಳು ಮದುವೆ ಮನೆಗಿಂತ ಸಾವಿನ ಮನೆಯಲ್ಲೇ ಹೆಚ್ಚು ನಡೆಯುತ್ತವೆ ಎಂಬುದು ನನ್ನ ಅನುಭವ. ಪೀಣ್ಯದ ನಮ್ಮ ಶೆಡ್ಡು ಒಂದಷ್ಟು ಕಾಲ ಸಾವಿನ ಮನೆಯ ಹಾಗೇ ಇತ್ತು. ಹಾಗಾಗಿ ಅಲ್ಲಿ ಇವು ಒಂದರ ಹಿಂದೆ ಒಂದು ನಡೆಯುತ್ತಲೇ ಹೋದವು. ನಾನು ಬಿ.ಎಸ್ಸಿ. ಓದಿದವಳು, ಗಣಿತದಲ್ಲಿ ಮೊದಲ ದರ್ಜೆ. ದಿನ ದಿನ ನಡೆದದ್ದನ್ನು ಸಂಜೆ ಬರೆದಿಡುವ ಅಭ್ಯಾಸ ನನಗಿದೆ. ಆದ್ದರಿಂದ ಇಲ್ಲಿರುವ ಉಪ್ಪು ಖಾರ ನನ್ನದಲ್ಲ, ಆಯಾ ಜನರದ್ದೇ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಶೆಡ್ಡನ್ನು ನಾನೇ ನಡೆಸುತ್ತಿದ್ದೆ. ಲೇತಿನಲ್ಲಿ ಯಂತ್ರಗಳಿಗೆ ಬೇಕಾದ ಬುಷ್ಷು, ಪಿನ್ನು ಮಾಡಿ ದೊಡ್ಡ ಕಾರ್ಖಾನೆಗಳಿಗೆ ಕೊಡುವ ಕೆಲಸ. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದ ವರ್ಷ ಪೀಣ್ಯದಲ್ಲಿ ಆರ್ಡರುಗಳು ನಿಂತವು. ನಮಗೆ ಕೊನೆಗೆ ಉಳಿದದ್ದು ಒಂದೇ ಒಂದು ಕಂಪನಿ. ಅದೂ ಕೈಬಿಟ್ಟರೆ ಶೆಡ್ಡಿಗೆ ಬೀಗ. ಇದು ನನಗೂ ಗೊತ್ತಿತ್ತು, ಲೇತಿನ ಮುಂದೆ ನಿಂತವರಿಗೂ ಗೊತ್ತಿತ್ತು.

ಸಂಬಳವಿಲ್ಲದವರು

ಆ ಕಂಪನಿಯದೊಂದು ನಿಯಮ. ಮಾಲಿನ ಜೊತೆ ಅದರ ಅಳತೆಗಳನ್ನು ಪರೀಕ್ಷಿಸಿದ ವರದಿ ಪ್ರಿಂಟಾಗಿ ಹೋಗಬೇಕು. ಇಲ್ಲದಿದ್ದರೆ ಗೇಟಿನಿಂದಲೇ ಮಾಲು ವಾಪಸು. ನಮ್ಮಲ್ಲಿ ಕಂಪ್ಯೂಟರುಗಳು ಮೂರು, ಪ್ರಿಂಟರುಗಳು ಎರಡು. ನನ್ನ ಕೋಣೆಯಲ್ಲೊಂದು ಲೇಸರ್ ಪ್ರಿಂಟರು, ಒಳಗೆ ಪರೀಕ್ಷೆಯ ಮೇಜಿನ ಪಕ್ಕ ಕರಕರ ಸದ್ದು ಮಾಡುವ ಹಳೆಯದೊಂದು. ಯಾವ ಕಂಪ್ಯೂಟರಿನಲ್ಲಿ ಬರೆದದ್ದು ಯಾವ ಪ್ರಿಂಟರಿಗೆ ಹೋಗಬೇಕಾದರೂ ಸೂಪರ್‌ವೈಸರ್ ಪೆನ್‌ಡ್ರೈವ್ ಹಿಡಿದು ಓಡಾಡಬೇಕು. ಮಾಗಡಿ ಕಡೆಯ ಆತ ಅದನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ. ಒಮ್ಮೆ ಪೆನ್‌ಡ್ರೈವಿನ ಬಾಯಿಗೆ ಸುಣ್ಣ ಮೆತ್ತಿಕೊಂಡು ವರದಿ ಬರಲಿಲ್ಲ, ಮಾಲು ವಾಪಸು ಬಂತು.

ಅದೇ ತಿಂಗಳು ವೈಟ್‌ಫೀಲ್ಡಿನ ಕಂಪನಿಯೊಂದು ನನ್ನ ಸೊಸೆಯ ಗುರುತಿನ ಚೀಟಿ ವಾಪಸು ಪಡೆದು ಮನೆಗೆ ಕಳಿಸಿತ್ತು. ನಾಲ್ಕು ದಿನ ಟೀವಿ ನೋಡಿದಳು. ಐದನೆಯ ದಿನ, "ಅತ್ತೆ, ನಾನೂ ಶೆಡ್ಡಿಗೆ ಬರ್ತೀನಿ" ಎಂದಳು. ಮೂಲೆಗೆ ಎಸೆದಿದ್ದ ಹಳೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ ಅದನ್ನು ಸರ್ವರ್ ಮಾಡಿದಳು. ಯಾರು ಎಲ್ಲಿಂದ ಪ್ರಿಂಟ್ ಕೊಟ್ಟರೂ ಅದು ಮೊದಲು ಅಲ್ಲಿಗೆ ಹೋಗಬೇಕು, ಅದು ಹೇಳಿದ ಪ್ರಿಂಟರಿನಲ್ಲಿ ಕಾಗದ ಹೊರಬರಬೇಕು. ಲಿನಕ್ಸಿಗೆ ದುಡ್ಡು ಕೊಡಬೇಕಿಲ್ಲ ಎಂದು ಕೇಳಿ ಸೂಪರ್‌ವೈಸರ್‌ಗೆ ಅನುಮಾನ ಬಂತು.

"ಪುಕ್ಕಟೆ ಅಂತೀರ. ಪುಕ್ಕಟೆ ಬಂದದ್ದು ದುಡೀತದೇನಮ್ಮ?"

ಸೊಸೆ ತಿರುಗಿಯೂ ನೋಡಲಿಲ್ಲ. "ನಾನು ಬಂದು ವಾರ ಆಯ್ತು ಅಣ್ಣ. ನನಗೆ ಯಾರಾದ್ರೂ ಸಂಬಳ ಕೊಟ್ರಾ?"

ಆತ ಹೋಗಿ ಬಟ್ಟೆ ತಂದು ಸರ್ವರಿನ ಧೂಳು ಒರೆಸಿದ.

ಉತ್ತರವಿಲ್ಲ

ಪ್ರಿಂಟರುಗಳಿಗೆ ಹೆಸರಿಡಬೇಕಂತೆ. ನನ್ನ ಕೋಣೆಯದಕ್ಕೆ ಸೊಸೆ ‘ಆಫೀಸ್’ ಎಂದು ಇಟ್ಟಳು. ಹಳೆಯದನ್ನು ಕೊಂಡವರು ನಮ್ಮ ಯಜಮಾನರು. ಅದರ ರಿಬ್ಬನ್ನು ಬದಲಾಯಿಸಲು ಅವರು ಇನ್ನೊಬ್ಬರನ್ನು ಬಿಟ್ಟವರಲ್ಲ. ಶೆಡ್ಡಿನಲ್ಲಿ ಎಲ್ಲರೂ ಅದನ್ನು ಯಜಮಾನರ ಪ್ರಿಂಟರು ಎಂದೇ ಕರೆಯುತ್ತಿದ್ದರು. ಎಲ್ಲರಿಗೂ ತಿಳಿಯಲಿ ಎಂದು ಸೊಸೆ ಅದಕ್ಕೆ ‘ಯಜಮಾನರು’ ಎಂದೇ ಹೆಸರು ಕೊಟ್ಟಳು.

ಒಂದು ಬೆಳಿಗ್ಗೆ ಸೂಪರ್‌ವೈಸರ್ ಬೆವರುತ್ತ ನನ್ನ ಕೋಣೆಗೆ ಬಂದ. ನನ್ನ ಕುರ್ಚಿಯ ಹಿಂದಿನ ಗೋಡೆಯಲ್ಲಿ ಹಾರ ಹಾಕಿದ ಫೋಟೊ ಇತ್ತು. ಆತ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಅಮ್ಮ, ಯಜಮಾನರು ಉತ್ತರ ಕೊಡ್ತಾ ಇಲ್ಲ ಅಂತ ಕಂಪ್ಯೂಟರಲ್ಲಿ ಬರ್ತಾ ಐತೆ. ಇನ್ನೊಂದ್ಸಲ ಕೇಳ್ಲಾ ಅಂತಾನೂ ಐತೆ."

"ಎರಡು ವರ್ಷದಿಂದ ನಾನೂ ಕೇಳ್ತಾ ಇದ್ದೀನಪ್ಪ," ಎಂದೆ. "ನಿನಗೆ ಉತ್ತರ ಬಂದ್ರೆ ನನಗೂ ಹೇಳು."

ಸೊಸೆ ನಾಚಿಕೊಂಡು ಹೆಸರು ಬದಲಾಯಿಸಲು ಹೊರಟಳು. ಬೇಡ, ಇರಲಿ ಎಂದೆ. ಮನೆಯಲ್ಲಂತೂ ಯಾರೂ ಅವರನ್ನು ಕರೆಯುವವರಿರಲಿಲ್ಲ.

ದೇವರಿಗೆಂದು ಬಿಟ್ಟದ್ದು

ಶುಕ್ರವಾರ ಎಲ್ಲ ಯಂತ್ರಗಳಿಗೂ ಕುಂಕುಮ, ಹೂವು, ಊದುಬತ್ತಿ. ಆರ್ಡರು ಕಮ್ಮಿಯಾದಂತೆ ನಮ್ಮ ಪೂಜೆ ಉದ್ದವಾಗುತ್ತ ಹೋಗಿತ್ತು. ಅಂಥ ಒಂದು ಶುಕ್ರವಾರ ಯಾವ ಕಂಪ್ಯೂಟರಿನಿಂದಲೂ ಪ್ರಿಂಟ್ ಬರಲಿಲ್ಲ. ಪ್ರತಿಯೊಬ್ಬರೂ ಒತ್ತಿದರು, ಮತ್ತೆ ಒತ್ತಿದರು. ಮಾಲು ಕೊಂಡೊಯ್ಯುವ ಟೆಂಪೊದವನು ಹೊರಗೆ ಹಾರ್ನ್ ಹೊಡೆಯುತ್ತಿದ್ದ.

ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಒಂದು ಚಿಕ್ಕ ಪೆಟ್ಟಿಗೆ ಇತ್ತು, ಅದರಲ್ಲಿ ಎಂಟು ತೂತುಗಳು. ಅರ್ಧಕ್ಕೆ ಮಾತ್ರ ತಂತಿ ಹಾಕಿತ್ತು. ಸೊಸೆ ಹೋಗಿ ನೋಡಿದರೆ ಖಾಲಿ ತೂತುಗಳಲ್ಲಿ ಊದುಬತ್ತಿ ಸಿಕ್ಕಿಸಿತ್ತು, ಬೂದಿ ಒಳಗೆ ಉದುರಿತ್ತು.

"ಅಣ್ಣ, ಇದರಲ್ಲಿ ಯಾಕೆ?"

"ಖಾಲಿ ಬಿಟ್ಟಿದ್ರಲ್ಲ ತಾಯಿ," ಎಂದ ಸೂಪರ್‌ವೈಸರ್. "ದೇವರಿಗೆ ಅಂತ ಬಿಟ್ಟಿದ್ದೀರ ಅಂದ್ಕಂಡೆ."

ಪೆಟ್ಟಿಗೆ ಬದಲಾಯಿಸಿದ ಕೂಡಲೇ ಒಂದೇ ವರದಿ ಮತ್ತೆ ಮತ್ತೆ ಬರತೊಡಗಿತು. ಕಾಗದದ ಕಟ್ಟು ಮುಗಿಯುವವರೆಗೂ ನಿಲ್ಲಲಿಲ್ಲ. ಸೊಸೆ ಎಲ್ಲರನ್ನೂ ಕರೆದು ನಿಲ್ಲಿಸಿ ಹೇಳಿದಳು. "ಕೊಟ್ಟ ಕೆಲಸ ಇದು ಮರೆಯಲ್ಲ. ಪ್ರಿಂಟರು ನಿಂತಿದ್ರೂ ಸಾಲಿನಲ್ಲಿ ಇಟ್ಕೊಂಡು ಕಾಯುತ್ತೆ. ಒಂದು ಸಲ ಒತ್ತಿ, ಸುಮ್ನಿರಿ."

ಲೇತಿನ ಟರ್ನರ್ ಬಾಗಲಕೋಟೆ ಕಡೆಯವನು. ರಾಜಗೋಪಾಲನಗರದ ಒಂದೇ ಕೋಣೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ. ಎದುರುಮನೆ, ಪಕ್ಕದಮನೆಯವರು ಒಬ್ಬೊಬ್ಬರಾಗಿ ಊರಿಗೆ ಹೋಗುತ್ತಿದ್ದ ಕಾಲ ಅದು. ಆತ ಸರ್ವರನ್ನು ಬಹಳ ಹೊತ್ತು ನೋಡಿದ.

"ಕೊಟ್ಟ ಕೆಲಸ ಮರಿಯಂಗಿಲ್ಲಂತ. ಪಗಾರ ಕೇಳಂಗಿಲ್ಲಂತ. ಅಕ್ಕಾರ, ಇಂಥಾದ್ದನ್ನ ಲೇತಿಗೆ ಮಾತ್ರ ತರಬ್ಯಾಡ್ರಿ."

ಪಕ್ಕದ ಶೆಡ್ಡು

ಪಕ್ಕದ ಶೆಡ್ಡಿನ ಮಾಲೀಕರು ನಮ್ಮ ಯಜಮಾನರ ಸ್ನೇಹಿತರು. ಒಂದು ಮಧ್ಯಾಹ್ನ ಬಂದು, "ಅಕ್ಕ, ನಿಮ್ಮಲ್ಲಿ ಎಲ್ಲಿ ಬೇಕಾದ್ರೂ ಪ್ರಿಂಟ್ ಬರುತ್ತಂತಲ್ಲ. ಒಂದು ಹಾಳೆ ತೆಕ್ಕೊಡಿ" ಎಂದರು. ಏನು ಬರೆಯಬೇಕು ಎಂದೆ. ‘ಶೆಡ್ಡು ಮಾರಾಟಕ್ಕಿದೆ’ ಎಂದು ದೊಡ್ಡ ಅಕ್ಷರದಲ್ಲಿ, ಕೆಳಗೆ ಅವರ ಫೋನ್ ನಂಬರು.

ಹಾಳೆ ತೆಗೆಸಿಕೊಟ್ಟೆ. ಕಾಫಿ ತರಿಸಿದೆ. ಅವರು ಕಾಫಿ ಕುಡಿದು, ಹಾಳೆಯನ್ನು ಬೆಳಕಿಗೆ ಹಿಡಿದು, ಅಕ್ಷರ ಚೆನ್ನಾಗಿದೆ ಎಂದು ಮೆಚ್ಚಿದರು. ಬಾಗಿಲ ತನಕ ಹೋದವರು ಹಿಂದಿರುಗಿ ಹೇಳಿದರು.

"ಅದನ್ನ ಕಂಪ್ಯೂಟರಿಂದ ಅಳಿಸ್ಬೇಡಿ ಅಕ್ಕ. ನಿಮಗೂ ಬೇಕಾಗಬಹುದು. ನಂಬರ್ ಬದಲಾಯಿಸಿದ್ರೆ ಸಾಕು."

ನೋಟಿಸು

ಬೇಕಾಗುವ ದಿನ ಬಂದೇ ಬಂತು. ಇದ್ದ ಒಂದು ಕಂಪನಿಯೂ ಮುಂದಿನ ತಿಂಗಳ ಆರ್ಡರು ಕಳಿಸಲಿಲ್ಲ. ನಾನು ಎಲ್ಲರನ್ನೂ ಕರೆದು, ತಿಂಗಳ ಕೊನೆಯೊಳಗೆ ಏನೂ ಬರದಿದ್ದರೆ ನೋಟಿಸು ಹಾಕಬೇಕಾಗುತ್ತದೆ ಎಂದೆ. ಟರ್ನರ್, "ಮಕ್ಕಳ ಸಾಲಿ ಅರ್ಧಾ ಆಗೇತ್ರಿ ಅಮ್ಮಾರ, ಪರೀಕ್ಷೆ ಆಗೂತನಕ ಎಳೀರಿ" ಎಂದ.

ಎಳೆಯಲಾಗಲಿಲ್ಲ. ಕೊನೆಯ ದಿನ ಕೂತು ನೋಟಿಸನ್ನು ನಾನೇ ಕನ್ನಡದಲ್ಲಿ ಟೈಪು ಮಾಡಿದೆ. ‘ಕೆಲಸವಿಲ್ಲದ ಕಾರಣ ಒಂದನೇ ತಾರೀಖಿನಿಂದ ಈ ಶೆಡ್ಡನ್ನು ಮುಚ್ಚಲಾಗಿದೆ.’ ನನ್ನ ಕೋಣೆಯ ಪ್ರಿಂಟರಿನಲ್ಲಿ ಇಂಕಿನ ಪುಡಿ ಮುಗಿದಿತ್ತು. ಮುಚ್ಚುವ ಶೆಡ್ಡಿಗೆ ಹೊಸದು ಯಾಕೆ ಎಂದು ಯಜಮಾನರಿಗೆ ಕೊಟ್ಟೆ. ಇಲಿ ಅವರ ತಂತಿ ಕಡಿದಿದ್ದು ನನಗೆ ತಿಳಿಯದು. ಏನೂ ಬರಲಿಲ್ಲ. ಗೇಟಿಗೊಂದು, ಗೋಡೆಗೊಂದು, ಫೈಲಿಗೊಂದು ಎಂದು ಮತ್ತೆ ಮತ್ತೆ ಒತ್ತಿದೆ. ಆಗ ಫೋನು ಬಂತು. ಕಂಪನಿಯವರು. ಸದ್ಯಕ್ಕೆ ಸ್ವಲ್ಪ ಮಾಲು ಕಳಿಸಿ, ನಮ್ಮ ಇನ್‌ಸ್ಪೆಕ್ಟರ್ ಬಂದು ನೋಡಿದ ಮೇಲೆ ದೊಡ್ಡ ಆರ್ಡರಿನ ವಿಚಾರ ಎಂದರು. ನಾನು ಕಂಪ್ಯೂಟರ್ ಆರಿಸಿ, ನನ್ನ ಕೋಣೆಯ ಪ್ರಿಂಟರಿಗೆ ಇಂಕಿನ ಪುಡಿ ತರಿಸಿದೆ, ವರದಿಗಳು ಅದರಲ್ಲೇ ಹೋದವು. ಹೊರಬಾರದ ಕಾಗದ ಇಲ್ಲದ ಕಾಗದ ಎಂದುಕೊಂಡೆ.

ಇನ್‌ಸ್ಪೆಕ್ಟರ್ ಬಂದದ್ದು ಮುಂದಿನ ತಿಂಗಳು ಅರ್ಧ ಕಳೆದ ಮೇಲೆ. ನಗದ ಮನುಷ್ಯ. ಕುರ್ಚಿಯಲ್ಲೂ ಕೂರಲಿಲ್ಲ.

"ಮೇಡಂ, ನೇರವಾಗಿ ಹೇಳ್ತೀನಿ. ಈ ಲೈನಲ್ಲಿ ಇಬ್ಬರು ನಮ್ಮ ಆರ್ಡರ್ ತಗೊಂಡು ಅರ್ಧಕ್ಕೆ ಬಾಗಿಲು ಹಾಕ್ಕೊಂಡ್ರು. ನೀವು ಇರ್ತೀರಾ?"

"ಇರ್ತೀವಿ," ಎಂದೆ. ಅಷ್ಟಕ್ಕೆ ಬಿಡದೆ, "ಬನ್ನಿ, ನಮ್ಮ ವ್ಯವಸ್ಥೆ ನೋಡಿ. ಎಲ್ಲಿ ಬರೆದರೂ ವರದಿ ಪರೀಕ್ಷೆಯ ಮೇಜಿನ ಪಕ್ಕದಲ್ಲೇ ಬರುತ್ತೆ" ಎಂದು ಒಳಗೆ ಕರೆದುಕೊಂಡು ಹೋದೆ. ಸೊಸೆ ಹಿಂದಿನ ದಿನವಷ್ಟೇ ಯಜಮಾನರಿಗೆ ಹೊಸ ತಂತಿ ಹಾಕಿದ್ದಳು. ಪ್ರಿಂಟ್ ಕೊಟ್ಟಳು. ಬರಲಿಲ್ಲ. "ಓ, ತಂತಿ ಹೋದಾಗ ಸರ್ವರ್ ಯಜಮಾನರನ್ನ ನಿಲ್ಲಿಸಿತ್ತು, ಇನ್ನೂ ಹಾಗೇ ಇದಾರೆ" ಎಂದು ಸರ್ವರಿನಲ್ಲಿ ಒಂದು ಸಾಲು ಟೈಪು ಮಾಡಿದಳು.

ಯಜಮಾನರು ಕರಕರ ಎಂದರು. ಸಾಲಿನಲ್ಲಿ ಮೊದಲು ನಿಂತವರಿಗೆ ಮೊದಲ ಸರದಿ. ಕನ್ನಡ ಅಕ್ಷರವೆಂದರೆ ಆ ಪ್ರಿಂಟರಿಗೆ ಚಿತ್ರ ಬಿಡಿಸಿದ ಹಾಗೆ. ತಲೆಕಟ್ಟು ಒಂದು ಸಲ, ಹೊಟ್ಟೆ ಒಂದು ಸಲ, ಒತ್ತು ಒಂದು ಸಲ. ಇನ್‌ಸ್ಪೆಕ್ಟರ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನಿಂತರು. ಸೂಪರ್‌ವೈಸರ್ ಬಗ್ಗಿದ. ಲೇತು ನಿಲ್ಲಿಸಿ ಟರ್ನರ್ ಬಂದ. ‘ಕೆಲಸವಿಲ್ಲದ ಕಾರಣ’ ಎಂಬಲ್ಲಿಗೆ ಇದು ನನ್ನದೇ ನೋಟಿಸು ಎಂದು ಗೊತ್ತಾಯಿತು. ‘ಮುಚ್ಚಲಾಗಿದೆ’ ಎಂಬುದು ಬರುವವರೆಗೆ ಎಲ್ಲರೂ ಅಕ್ಷರ ಕೂಡಿಸಿ ಓದಿದರು. ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ಬಿ.ಎಸ್ಸಿ.

"ಏನಿದು ಮೇಡಂ?" ಎಂದರು ಇನ್‌ಸ್ಪೆಕ್ಟರ್.

ಟರ್ನರ್ ಹಾಳೆ ಹರಿದು ತೆಗೆದುಕೊಂಡು, ತಾರೀಖಿನ ಮೇಲೆ ಎಣ್ಣೆಯ ಬೆರಳಿಟ್ಟು ಓದಿದ.

"ಒಂದನೇ ತಾರೀಖಿಗೇ ಮುಚ್ಚೇದಂತ್ರಿ ಸಾಹೇಬ್ರ. ನಮಗ ಯಾರೂ ಹೇಳಿಲ್ಲ." ಆಮೇಲೆ ಸಿದ್ಧವಾಗಿ ಜೋಡಿಸಿಟ್ಟಿದ್ದ ಬುಷ್ಷುಗಳ ಕಡೆ ಕೈ ತೋರಿಸಿದ. "ಮುಚ್ಚಿದ ಮ್ಯಾಲ ಇಷ್ಟು ಮಾಲು ತಗದೀವಿ. ಬಾಗಲಾ ತಗದಿದ್ರ ಎಷ್ಟು ತಗೀತಿದ್ವಿ ನೀವ ನೋಡ್ರಿ."

ಇನ್‌ಸ್ಪೆಕ್ಟರ್ ಒಂದು ಬುಷ್ಷು ಎತ್ತಿಕೊಂಡು ಅಳತೆ ನೋಡಿದರು. ಇನ್ನೊಂದು ಎತ್ತಿಕೊಂಡರು. ಮೂರನೆಯದಕ್ಕೆ ಅವರ ಭುಜ ಕುಲುಕುತ್ತಿತ್ತು. ನಗುವಿಗೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಅಷ್ಟರಲ್ಲಿ ಯಜಮಾನರು ಗಂಟಲು ಸರಿಪಡಿಸಿಕೊಂಡು ಎರಡನೆಯ ಪ್ರತಿ ಶುರುಮಾಡಿದರು.

"ಮೊದಲು ಅವರನ್ನ ನಿಲ್ಲಿಸಿ ಮೇಡಂ," ಎಂದು ಇನ್‌ಸ್ಪೆಕ್ಟರ್ ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಕೂತರು. "ಆಮೇಲೆ ಆರ್ಡರ್ ಮಾತಾಡೋಣ."