ವಿರುಪಣ್ಣನ ಸರಿತೂಕದ ಕೈ

"ಬಲೂನಿನಿಂದ ಇಳಿಯೋಕೂ ಒಂದು ಮಷಿನ್ ಬೇಕೇನ್ರೀ?" ತಪಾಸಣೆಗೆ ಬಂದಿದ್ದ ದಸ್ತಗೀರ್ ಸಾಹೇಬರು ಬುಟ್ಟಿಯ ಅಂಚು ಬಿಗಿಯಾಗಿ ಹಿಡಿದುಕೊಂಡೇ ಕೇಳಿದರು. ಕೊಯ್ದ ಜೋಳದ ಹೊಲವೊಂದು ಕೆಳಗಿನಿಂದ ಹತ್ತಿರ ಹತ್ತಿರ ಬರುತ್ತಿತ್ತು.

"ಬೇಕ್ರೀ ಸಾಹೇಬ್ರ," ವಿರುಪಣ್ಣ ಎದೆಯುಬ್ಬಿಸಿದ. "ಮೂವತ್ತು ವರ್ಷ ಬಸ್ ಡಿಪೋದಾಗ ಮೆಕ್ಯಾನಿಕ್ ಇದ್ದವ ನಾನು. ನಮ್ಮ ಮಂದಿ ಬಸ್ಸು ನಿಲ್ಲೂಕಿಂತ ಮೊದಲ ಚೀಲ ಹಿಡ್ಕೊಂಡು ಬಾಗಿಲಾಗ ನಿಂತಿರ್ತಾರ. ಬಲೂನಿನಾಗ ಹಂಗ ಒಬ್ರು ಜಿಗಿದ್ರ, ಭಾರ ಕಮ್ಮಿಯಾಗಿ ಉಳಿದವರನ್ನ ಹೊತ್ಕೊಂಡು ಮತ್ತ ಮ್ಯಾಲ ಹೋಗ್ತೈತಿ. ಅದಕ್ಕ ಈ ಸರಿತೂಕದ ಕೈ. ಎಷ್ಟು ಭಾರ ಇಳೀತೈತೋ ಅಷ್ಟೇ ಭಾರದ ಮರಳಿನ ಚೀಲ ಹೊರಗಿಂದ ಎತ್ತಿ ಒಳಗ ಇಡ್ತೈತಿ."

ಬುಟ್ಟಿಗೆ ಬಿಗಿದಿದ್ದ ಕಬ್ಬಿಣದ ಕೈ, ಟೈರಿನ ರಬ್ಬರು ಸುತ್ತಿದ ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿತು.

ಬುಟ್ಟಿಯ ಮೂಲೆಯಲ್ಲಿ ನಿಂತಿದ್ದ ವಿರುಪಣ್ಣನ ಹೆಂಡತಿ ಪಂಪಮ್ಮ ಮನಸ್ಸಿನಲ್ಲೇ ಹರಕೆ ಹೊತ್ತಳು. ಸಾಹೇಬರು ಪರವಾನಗಿ ಕೊಟ್ಟರೆ ಗಂಡ ಬಲೂನು ಹಾರಿಸಿಕೊಂಡಿರುತ್ತಾನೆ. ಕೊಡದಿದ್ದರೆ ಮತ್ತೆ ಅವಳ ಅಡುಗೆಮನೆಗೆ ಬರುತ್ತಾನೆ. ನಿವೃತ್ತಿಯಾದ ಮೇಲೆ ಅಲ್ಲಿ ಅವನು ಬಿಚ್ಚದೆ ಬಿಟ್ಟದ್ದು ರೊಟ್ಟಿ ಹಂಚೊಂದನ್ನೇ. ಅದಕ್ಕೆ ಸ್ಕ್ರೂ ಇರಲಿಲ್ಲ.

"ಮೊಣಕಾಲು ಮಡಚ್ರಿ! ಹಗ್ಗ ಹಿಡೀರಿ! ನಾ ಹೇಳೂತನ ಯಾರೂ ಇಳೀಬ್ಯಾಡ್ರಿ!" ವಿರುಪಣ್ಣ ಕೂಗಿದ.

ಬುಟ್ಟಿ ಧೊಪ್ಪೆಂದಿತು, ಎರಡು ಸಲ ಕುಪ್ಪಳಿಸಿತು. ಅದು ನಿಲ್ಲುವ ಮೊದಲೇ, ಜೊತೆಗೆ ಹಾರಿ ಬಂದಿದ್ದ ನೆರೆಮನೆಯ ಹುಲಿಗೆಮ್ಮ ಚೀಲ ಬಗಲಿಗೇರಿಸಿ ಕೆಳಗೆ ಧುಮುಕಿಯಾಗಿತ್ತು.

ಕೈ ಗಿರ್ರನೆ ತಿರುಗಿತು. ಮರಳಿನ ಚೀಲ ತರಬೇಕಿದ್ದ ಟ್ರ್ಯಾಕ್ಟರು ಇನ್ನೂ ಕಾಲುವೆಯ ಆಚೆಯೇ ಇತ್ತು. ಕೈ ಕಾಯಲಿಲ್ಲ. ಬಲೂನು ನೋಡಲು ಓಡಿ ಬಂದಿದ್ದ ಹೊಲದ ಸಣ್ಣೆಪ್ಪನನ್ನು ಸೊಂಟ ಹಿಡಿದೆತ್ತಿ ಒಳಗೆ ನಿಲ್ಲಿಸಿತು. ಅವನ ತಲೆಯ ರುಮಾಲೂ ಅಲುಗಲಿಲ್ಲ.

"ಇದು ಎಲ್ಲಿಗೆ ಹೋಗ್ತೈತ್ರೀ?" ಸಣ್ಣೆಪ್ಪ ಕೇಳಿದ.

"ಎಲ್ಲಿಗೂ ಇಲ್ಲ," ಎಂದಳು ಪಂಪಮ್ಮ.

"ಹಂಗಾರ ಇಳೀತೀನಿ."

ಅವನಿಳಿದ. ಕೈ ಹುಲಿಗೆಮ್ಮನನ್ನು ಎತ್ತಿ ತಂದಿತು.

"ನಾ ಇಳಿದಾಗೈತಲ್ಲವಾ, ಪಂಪಕ್ಕಾ!"

ಹೀಗೆ ಇಬ್ಬರೂ ಮೂರು ಸಲ ಅದಲುಬದಲಾದರು. ಕೊನೆಗೆ ಹುಲಿಗೆಮ್ಮ ಬುಟ್ಟಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಚೀಲದಿಂದ ಮಂಡಕ್ಕಿ ತೆಗೆದಳು. ಹೊರಗೆ ಹೊಲದವರೆಲ್ಲ ತಮ್ಮ ಸರದಿಗಾಗಿ ಸಾಲು ನಿಂತಿದ್ದರು.

"ಸಾಕು," ಎಂದು ಸಾಹೇಬರು ಇಳಿದರು. ತೊಂಬತ್ತೆರಡು ಕಿಲೋ! ಕೈ ಸಾಲನ್ನು ದಾಟಿ ಹೋಗಿ ಬದುವಿನಲ್ಲಿದ್ದ ಎಮ್ಮೆಗರುವೊಂದನ್ನು ಎತ್ತಿ ತಂದಿತು. ಎರಡು ಕಿಲೋ ಕಮ್ಮಿ ಬಿತ್ತು. ಸಾಹೇಬರ ಬೂಟನ್ನೂ ಫೈಲನ್ನೂ ಕಿತ್ತು ಕರುವಿನ ಪಕ್ಕ ಇಟ್ಟಿತು.

"ವಿರುಪಣ್ಣ, ಈ ಬಲೂನಿಗೆ ನಾನು ಪರವಾನಗಿ..."

ಪಂಪಮ್ಮನ ಕಣ್ಣ ಮುಂದೆ ಅವಳ ಹೊಸ ಮಿಕ್ಸಿ ಹಾದುಹೋಯಿತು. "ತಡೀರಿ ಸಾಹೇಬ್ರ. ಇಷ್ಟು ಮಂದಿ ಹತ್ತಿಳಿದ್ರು. ಯಾರಿಗರ ತರಚೈತೇನ್ರೀ?"

"ಇಲ್ಲ."

"ಬಲೂನು ಒಂದು ಗೇಣರ ಮ್ಯಾಲ ಎದ್ದೈತೇನ್ರೀ?"

ಸಾಹೇಬರು ಜೋಳದ ಕೂಳೆಯ ಮೇಲೆ ಬರಿಗಾಲಲ್ಲಿ ಕುಂಟುತ್ತ ಸುತ್ತು ಹಾಕಿ ಬಂದರು. "ಇಲ್ಲ."

"ಮತ್ತ ಇನ್ನೇನು ಬೇಕ್ರೀ ನಿಮ್ಗ?"

"ಫೈಲ್ ಬೇಕು, ತಾಯಿ. ಸಹಿ ಎಲ್ಲಿ ಮಾಡ್ಲಿ?"

ಪಂಪಮ್ಮ ಫೈಲನ್ನು ಕೈಬಿಡದೆ ಬುಟ್ಟಿಯ ಅಂಚಿನ ಮೇಲೇ ಹಿಡಿದಳು. ಸಾಹೇಬರು ಹೊರಗಿನಿಂದಲೇ ಬರೆದು ಸಹಿ ಹಾಕಿದರು: "ಇಳಿಯುವಾಗ ಪ್ರಯಾಣಿಕರಿಗೆ ಅಪಾಯವಿಲ್ಲ. ಇಳಿಯಲು ಬಿಟ್ಟರೆ."

"ಬಲೂನಿನ ಬಿಸಿ ಆರೂತನ ನಾ ಇಲ್ಲೇ ಇರ್ಬೇಕಾಗ್ತೈತಿ," ಎಂದ ವಿರುಪಣ್ಣ, ಕರುವಿನ ಕಿವಿ ತುರಿಸುತ್ತ. "ಮಧ್ಯಾಹ್ನ ಆಗಬೌದು."

"ಆಗ್ಲಿ ಬಿಡ್ರಿ. ಅವಸರ ಏನೈತಿ."

ಪಂಪಮ್ಮ ಸೆರಗು ಸಿಕ್ಕಿಸಿ ಕೆಳಗಿಳಿದಳು. ಕೈ ಹೊಲವನ್ನೆಲ್ಲ ತಡಕಾಡಿ, ತುಂಬಿದ ಜೋಳದ ಚೀಲವೊಂದನ್ನು ಎತ್ತಿ ತಂದು ವಿರುಪಣ್ಣನ ಪಕ್ಕದಲ್ಲಿ ಮೆಲ್ಲಗೆ ಕೂರಿಸಿತು.