ಒಂದು ವಾಟ್ ಉಳಿತಾಯ

ಬೆಳಗ್ಗೆ ಬೆಳಗ್ಗೆಯೇ ಬಲ್ಬು ಸತ್ತಿತು. ಸುಮ್ಮನೆ ಸಾಯಲಿಲ್ಲ. 'ಟಿಂಕ್' ಅಂತ ಒಂದು ಸದ್ದು ಮಾಡಿ, ಹೊಟ್ಟೆಯೆಲ್ಲ ಕಪ್ಪಾಗಿ ಸತ್ತಿತು. ಅದರ ಕೆಳಗೆ ಕೂತು ಕೋಟಿನ ಕಾಲರಿಗೆ ಸೂಜಿ ಹಾಕುತ್ತಿದ್ದ ಟೇಲರು, ಕಾಲರಿಗೆ ಹೋಗಬೇಕಾದ ಸೂಜಿಯನ್ನು ತನ್ನ ಹೆಬ್ಬೆರಳಿಗೇ ಇಳಿಸಿಕೊಂಡ.

ಈ ಟೇಲರನ್ನು ಬೀದಿಯವರೆಲ್ಲ ಅರ್ಧಗಂಟೆ ಅಂತಲೇ ಕರೆಯುತ್ತಿದ್ದರು. ಯಾರು ಯಾವಾಗ ಬಂದು ಬಟ್ಟೆ ಕೇಳಿದರೂ "ಇನ್ನರ್ಧ ಗಂಟೆ, ಗುಂಡಿ ಒಂದು ಬಾಕಿ" ಅನ್ನುವುದು ಅವನ ರೂಢಿ. ಗುಂಡಿ ಹಾಕೋಣ ಅಂದರೆ ಶರ್ಟೇ ಇನ್ನೂ ಹುಟ್ಟಿರುತ್ತಿರಲಿಲ್ಲ, ಅದು ಬೇರೆ ಮಾತು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಸಂಸಾರ ಅಂದರೆ ಗಂಡ, ಹೆಂಡತಿ, ಒಂದು ಹೊಲಿಗೆ ಮಿಷನ್ನು. ಈ ಮೂವರಲ್ಲಿ ಹೇಳಿದ ಮಾತು ಕೇಳುತ್ತಿದ್ದದ್ದು ಮಿಷನ್ನು ಒಂದೇ. ಅದೂ ಎಣ್ಣೆ ಬಿಟ್ಟರೆ.

ಆ ಕೋಣೆಗೆ ಕಿಟಕಿ ಇತ್ತು, ಬೆಳಕಿರಲಿಲ್ಲ. ಎದುರಿಗೆ ಎದ್ದ ಮೂರು ಮಹಡಿಯ ಕಟ್ಟಡ ಬಿಸಿಲನ್ನು ದಾರಿಯಲ್ಲೇ ಹಿಡಿದು ವಾಪಸ್ ಕಳಿಸುತ್ತಿತ್ತು. ಹಾಗಾಗಿ ಹಗಲಲ್ಲೂ ಬಲ್ಬು ಬೇಕು. ಅವತ್ತಂತೂ ಬೇಕೇ ಬೇಕು. ಸಂಜೆ ಬ್ಯಾಂಡ್ ಮಾಸ್ಟರು ಬಂದು ಮಾದರಿ ಕೋಟು ನೋಡುವವನಿದ್ದ. ಅದು ಮೆಚ್ಚುಗೆಯಾದರೆ ಕಹಳೆ, ಡೊಳ್ಳು, ಜಾಗಟೆ ಸಮೇತ ಇಡೀ ತಂಡದ ಕೋಟುಗಳು ಇವನಿಗೇ. ಮೆಚ್ಚದಿದ್ದರೆ ಏನು ಅನ್ನುವುದನ್ನು ಹೆಂಡತಿ ಹಿಂದಿನ ದಿನವೇ ಹೇಳಿ ಮುಗಿಸಿದ್ದಳು.

"ನೋಡ್ರೀ, ಈ ಆರ್ಡರೂ ಕೈ ಬಿಟ್ರೆ ನಾಡಿದ್ದಿಂದ ನೀವು ನನ್ನ ತಮ್ಮನ ಅಂಗಡಿಗೆ ಹೋಗ್ತೀರಿ. ಪ್ಯಾಂಟು ಮಡಚಿಡೋಕೆ ಅವನಿಗೊಂದು ಜನ ಬೇಕಂತೆ."

ತಮ್ಮನದು ರೆಡಿಮೇಡ್ ಬಟ್ಟೆ ಅಂಗಡಿ. ಟೇಲರು ಹೋಗಿ ರೆಡಿಮೇಡ್ ಅಂಗಡಿಯಲ್ಲಿ ಪ್ಯಾಂಟು ಮಡಚುವುದು ಅಂದರೆ, ಕುಸ್ತಿ ಪೈಲ್ವಾನ ಹೋಗಿ ಇನ್ನೊಬ್ಬ ಪೈಲ್ವಾನನ ಚಡ್ಡಿ ಒಗೆದ ಹಾಗೆ. ಅರ್ಧಗಂಟೆ ಅವಸರದಲ್ಲಿ ಚಪ್ಪಲಿ ಮೆಟ್ಟಿಕೊಂಡು ಬಲ್ಬು ತರಲು ಹೊರಟ.

"ಹಳದಿ ಬೆಳಕಿಂದೇ ತನ್ನಿ," ಅಂತ ಹೆಂಡತಿ ಬಾಗಿಲಿಂದ ಕೂಗಿದಳು. "ಬಿಳೀದ್ರಲ್ಲಿ ನನ್ನ ಮುಖ ಸುಣ್ಣ ಹೊಡೆದ ಗೋಡೆ ಥರ ಕಾಣುತ್ತೆ!"

ಅವಳ ಕೂಗಿಗೆ ಎದುರುಮನೆಯ ಬಾಗಿಲು ತೆರೆಯಿತು. ಅಲ್ಲಿದ್ದದ್ದು ಮೀಟರ್ ಅಜ್ಜ. ಜೀವಮಾನವೆಲ್ಲ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ ರಿಟೈರಾದವನು. ಓದಲು ಮೀಟರು ಸಿಗದೆ ಈಗ ಜನರ ಮುಖ ಓದಿಕೊಂಡಿದ್ದ.

"ಬಲ್ಬಿಗಾ? ಒಬ್ನೇ ಹೋಗ್ಬೇಡ, ಮೋಸ ಮಾಡ್ತಾರೆ. ನಡಿ, ನಾನೂ ಬರ್ತೀನಿ."

ಎಲೆಕ್ಟ್ರಿಕ್ ಅಂಗಡಿಯವನು ಇವರಿಬ್ಬರನ್ನೂ ಒಟ್ಟಿಗೆ ನೋಡಿ ಎದೆ ಗಟ್ಟಿ ಮಾಡಿಕೊಂಡ.

"ನೂರು ವಾಟಿಂದು ಕೊಡಪ್ಪ. ಮೊದ್ಲಿನ ಥರದ್ದೇ," ಅಂದ ಟೇಲರು, ಸತ್ತ ಬಲ್ಬನ್ನು ಗುರುತಿಗೆ ಅಂತ ಮುಂದಿಟ್ಟು.

"ಟೇಲರೇ, ಇದನ್ನ ಈಗ ಯಾರ್ರೀ ಉರಿಸ್ತಾರೆ? ಬೆಳಕು ಚೂರು, ಬಿಸಿ ಜಾಸ್ತಿ. ಬಲ್ಬಲ್ಲ ಇದು, ಒಲೆ." ಅಂಗಡಿಯವನು ಒಂದು ಬಿಳಿ ಎಲ್‌ಇಡಿ ಬಲ್ಬು ತೆಗೆದು ಕೊಟ್ಟ. "ಇದು ತಗೊಂಡ್ಹೋಗಿ. ಒಂಬತ್ತು ವಾಟು. ನಿಮ್ಮ ಹಳೇದರಷ್ಟೇ ಬೆಳಕು, ಹೆಚ್ಚುಕಮ್ಮಿ. ಕರೆಂಟು ಕುಡಿಯೋದು ಗುಬ್ಬಿ ನೀರು ಕುಡಿದಷ್ಟು."

"ಒಂಬತ್ತಾ?" ಟೇಲರು ಬಲ್ಬನ್ನು ಕೈಯಲ್ಲಿ ತೂಗಿ ನೋಡಿದ. ಹಗುರವಾಗಿತ್ತು. ಹಗುರವಾದದ್ದರ ಮೇಲೆ ಅವನಿಗೆ ಎಂದೂ ನಂಬಿಕೆ ಇರಲಿಲ್ಲ.

ಮೀಟರ್ ಅಜ್ಜ ನಕ್ಕ. ದೊಡ್ಡ ಕಚೇರಿಯಲ್ಲಿ ಸಣ್ಣ ಕೆಲಸ ಮಾಡಿದವರು ನಗುವ ನಗು ಅದು. "ಲೋ, ಒಂಬತ್ತು ಕೊಟ್ಟು ನೂರು ಅಂತ್ಯಲ್ಲೋ! ನಾನೇನು ಹುಲ್ಲು ತಿನ್ತೀನಾ? ಮೀಟರ್ ತಿರುಗಿದಷ್ಟೇ ಬೆಳಕು. ಮೀಟರು ಸುಳ್ಳು ಹೇಳಿದ್ದು ನಾನಂತೂ ನೋಡಿಲ್ಲ."

"ಅಜ್ಜಾ, ವಾಟು ಅಂದ್ರೆ ಅದು ತಿನ್ನೋ ಕರೆಂಟು. ಬೆಳಕು ಬೇರೆ ಲೆಕ್ಕ. ಡಬ್ಬದ ಮೇಲೆ ಲ್ಯೂಮೆನ್ ಅಂತ ಬರ್ದಿದೆ, ನೋಡಿ. ಕೆಲವ್ರು ತುಂಬ ತಿಂದ್ರೂ ಕೆಲಸ ಮಾಡಲ್ಲ, ಕೆಲವ್ರು..."

"ನನ್ನ ವಿಷಯ ಎತ್ಬೇಡ!" ಅಂತ ಅಜ್ಜ ಗುಡುಗಿದ.

ಅಜ್ಜ ಬೆರಳು ಮಡಚಿ ಲೆಕ್ಕ ಹಾಕಿದ. ಒಂದು ಬಲ್ಬಿಗೆ ಒಂಬತ್ತು. ಬೇಕಾದದ್ದು ನೂರು. "ಹನ್ನೊಂದು ತಗೋ. ತೊಂಬತ್ತೊಂಬತ್ತು ವಾಟಾಗುತ್ತೆ. ಬೆಳಕಿಗೆ ಬೆಳಕೂ ಆಯ್ತು, ಒಂದು ವಾಟು ಉಳಿತಾಯವೂ ಆಯ್ತು."

ಅಂಗಡಿಯವನು ಏನೋ ಹೇಳಲು ಬಾಯಿ ತೆರೆದ. ಆಮೇಲೆ ಎದುರಿಗಿರುವುದು ಹನ್ನೊಂದು ಬಲ್ಬಿನ ಗಿರಾಕಿ ಅನ್ನುವುದು ಹೊಳೆದು ಬಾಯಿ ಮುಚ್ಚಿಕೊಂಡ. "ಹಳದೀದಾ, ಬಿಳೀದಾ?" ಅಂತಷ್ಟೇ ಕೇಳಿದ. ಟೇಲರಿಗೆ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣಬೇಕು, ಅದಕ್ಕೆ ಬಿಳಿಯದು ಬೇಕು. ಮನೆಯಲ್ಲಿ ನೆಮ್ಮದಿಯೂ ಬೇಕು, ಅದಕ್ಕೆ ಹಳದಿಯದು ಬೇಕು. ಕೊನೆಗೆ ಎರಡನ್ನೂ ಬೆರೆಸಿ ಚೀಲ ತುಂಬಿಸಿಕೊಂಡ.

ಮನೆಗೆ ಬಂದರೆ ಇನ್ನೊಂದು ಪೇಚು. ಬಲ್ಬು ಹನ್ನೊಂದು, ಹೋಲ್ಡರು ಒಂದು.

ಅಷ್ಟು ಹೊತ್ತಿಗೆ ಹೆಂಡತಿಯ ತಮ್ಮನೂ ಬಂದು ಕುರ್ಚಿಯಲ್ಲಿ ಕೂತಿದ್ದ. ಮದುವೆಯ ವಯಸ್ಸು ಬಂದು, ಸ್ವಲ್ಪ ಹೊತ್ತು ಕಾದು, ಬೇಜಾರಾಗಿ ಹೊರಟುಹೋದಂಥ ಮನುಷ್ಯ. ಅಂಗಡಿಯ ಹಿಂದೆ ರಟ್ಟಿನ ಡಬ್ಬಗಳ ನಡುವೆ ಹಾಸಿಗೆ ಹಾಕಿಕೊಂಡು ಒಬ್ಬನೇ ಬದುಕುತ್ತಿದ್ದ.

"ಏನ್ ಭಾವ, ನಾಳೆ ಎಷ್ಟು ಹೊತ್ತಿಗೆ ಬರ್ತೀರಿ ಕೆಲಸಕ್ಕೆ?"

"ಬಾಯಲ್ಲಿ ಒಳ್ಳೇ ಮಾತು ಬರಲ್ವಾ ನಿಂಗೆ? ಇನ್ನರ್ಧ ಗಂಟೇಲಿ ಕೋಟು ಮುಗಿಯುತ್ತೆ. ಮೊದ್ಲು ಈ ಬಲ್ಬು ಹಾಕೋಕೆ ಏನಾದ್ರೂ ದಾರಿ ಹೇಳು."

ಹೆಂಡತಿಯ ತಮ್ಮ ಚೀಲದೊಳಗೆ ಇಣುಕಿ ನೋಡಿದ. ಭಾವನ ಮುಖ ನೋಡಿದ. ಹಿಂದೆ ಕೈ ಕಟ್ಟಿ ನಿಂತಿದ್ದ ಮೀಟರ್ ಅಜ್ಜನನ್ನೂ ನೋಡಿದ. ಏನೂ ಕೇಳಲಿಲ್ಲ. "ಸೇಲ್ ಟೈಮಲ್ಲಿ ಅಂಗಡಿಗೆ ಕಟ್ಟಿದ್ದ ವೈರಿದೆ. ಹೋಲ್ಡರ್ ಸಮೇತ. ತರ್ತೀನಿ," ಅಂದು ಹೋದ.

ವೈರು ಬಂತು. ಆದರೆ ಅದು ಅಂಗಡಿಯ ಅಳತೆಯ ವೈರು. ಕೋಣೆಯನ್ನೊಂದು ಸುತ್ತು ಸುತ್ತಿದ ಮೇಲೂ ಉಳಿಯಿತು. ಉಳಿದದ್ದನ್ನು ಕಿಟಕಿಯಿಂದ ಆಚೆ ಎಳೆದು, ಬಾಗಿಲ ಮೇಲೆ ಹಾಯಿಸಿ, ಮಾಡಿನ ಅಂಚಿಗೆ ಕಟ್ಟಿದರು. ಅಜ್ಜ ಕೆಳಗೆ ನಿಂತು, "ಒಂದು ಹಳದಿ, ಒಂದು ಬಿಳಿ, ಒಂದು ಹಳದಿ, ಒಂದು ಬಿಳಿ. ಹಾಂ, ಹಾಗೆ ಹಾಕು. ಇಲ್ದಿದ್ರೆ ಬೆಳಕು ಒಂದೇ ಕಡೆ ವಾಲುತ್ತೆ," ಅಂತ ಹೇಳಿಕೊಡುತ್ತಿದ್ದ. ಬೆಳಕು ಯಾವ ಕಡೆಗೆ ವಾಲುತ್ತದೆ ಅಂತ ಯಾರೂ ಕೇಳಲಿಲ್ಲ.

ಸ್ವಿಚ್ ಹಾಕಿದರು.

ಕೋಣೆಗೆ ಸಿಡಿಲು ಬಂದು ಬಾಡಿಗೆಗೆ ಇಳಿದ ಹಾಗಾಯಿತು. ಮೂಲೆಯಲ್ಲಿದ್ದ ಜೇಡ ಬಲೆ ಬಿಟ್ಟು ಓಡಿತು. ಟೇಲರು ಕಣ್ಣು ಕಿರಿದು ಮಾಡಿಕೊಂಡು, "ಪರವಾಗಿಲ್ಲ, ಕಾಣುತ್ತೆ," ಅಂದ.

ಕಾಣುತ್ತಿತ್ತು, ಅದೇ ತೊಂದರೆ. ಸೂಜಿ ಎತ್ತಿ ಹಿಡಿದರೆ ಸುತ್ತಲೂ ಅದರ ನೆರಳುಗಳು ಮುತ್ತಿಕೊಂಡವು. ಟೇಲರು ದಾರ ತೆಗೆದು ಒಂದೊಂದು ನೆರಳಿಗೂ ಪೋಣಿಸಿ ನೋಡಿದ. ಅಸಲು ಸೂಜಿ ಸಿಗುವಷ್ಟರಲ್ಲಿ ದಾರದ ತುದಿ ಎಂಜಲಾಗಿ ಹಗ್ಗವಾಗಿತ್ತು. ಅದಕ್ಕಿಂತ ದೊಡ್ಡ ಏಟು ಆಮೇಲೆ ಬಿತ್ತು. ಹೊಲಿದಿಟ್ಟಿದ್ದ ತೋಳನ್ನು ಕೈಗೆತ್ತಿಕೊಂಡು ನೋಡುತ್ತಾನೆ, ಹೊಲಿಗೆ ಕುಡುಕ ಮನೆಗೆ ಹೋದ ದಾರಿಯ ಹಾಗಿದೆ! ಇಷ್ಟು ವರ್ಷ ತನ್ನ ಹೊಲಿಗೆ ನೂಲು ಹಿಡಿದ ಹಾಗೆ ನೇರ ಅಂತ ನಂಬಿಕೊಂಡಿದ್ದವನು ಅವನು.

"ಏನಾಯ್ತು ಭಾವ?"

"ಏನೂ ಇಲ್ಲ," ಅಂದ ಟೇಲರು, ತೋಳು ಬಿಚ್ಚುತ್ತ. ಒಂದು ತೋಳು ಬಿಚ್ಚಿದ ಮೇಲೆ ಇನ್ನೊಂದೂ ಸೊಟ್ಟ ಅನ್ನಿಸಿತು. ಅದನ್ನೂ ಬಿಚ್ಚಿದ. ಆಮೇಲೆ ಕಾಲರು. ಸಂಜೆಯಾಗುವ ಹೊತ್ತಿಗೆ ಕೋಟು ಹಿಂದಕ್ಕೆ ನಡೆದು ಮತ್ತೆ ಬಟ್ಟೆಯಾಗಿತ್ತು.

ಹೊರಗೆ ಕತ್ತಲು ಕವಿಯತೊಡಗಿದ್ದೇ ತಡ, ಮನೆ ಬೀದಿಯ ಆ ತುದಿಗೂ ಕಂಡಿತು. ಮೊದಲು ಬಂದವಳು ಪಕ್ಕದ ಮನೆಯ ದೊಡ್ಡಮ್ಮ. ಕಪಾಟಿನ ವಾಸನೆಯ ಒಳ್ಳೆ ಬಟ್ಟೆ ಉಟ್ಟು, ಕೈಯಲ್ಲೊಂದು ಗೋಡೆ ಗಡಿಯಾರ ಹಿಡಿದು ಬಂದಿದ್ದಳು. ಮುಖ ಮಾತ್ರ ಗಂಟಾಗಿತ್ತು.

"ಮದ್ವೆ ಮನೆ ಪಕ್ಕದಲ್ಲೇ ಇದ್ದು, ಲೈಟ್ ನೋಡಿ ತಿಳ್ಕೋಬೇಕಾಯ್ತಲ್ಲೇ ನಾನು!"

"ಯಾವ ಮದ್ವೆ ದೊಡ್ಡಮ್ಮ? ಬಲ್ಬು ಹಾಕಿದೀವಿ, ಅಷ್ಟೆ," ಅಂದಳು ಟೇಲರ ಹೆಂಡತಿ. ಆದರೆ ಹಳದಿ ಬೆಳಕಿನಲ್ಲಿ ಕನ್ನಡಿ ನೋಡಿಕೊಂಡು ನೋಡಿಕೊಂಡು, ಒಂದು ಒಳ್ಳೆಯ ಸರ ಹಾಕಿಕೊಂಡರೆ ಹೇಗೆ ಅನ್ನಿಸಿ ಆಗಷ್ಟೇ ಹಾಕಿಕೊಂಡಿದ್ದಳು. ದೊಡ್ಡಮ್ಮ ಆ ಸರವನ್ನು ಮೇಲಿಂದ ಕೆಳಗೆ ನೋಡಿದಳು.

"ಬರೀ ಬಲ್ಬಾ? ಇಷ್ಟು ವರ್ಷ ಒಂದೇ ಬಲ್ಬಲ್ಲಿ ಸಂಸಾರ ಮಾಡಿದ ಮನೆ ಇದು. ಯಾರ ಕಿವೀಗೆ ಹೂವಿಡ್ತೀಯ? ಗಂಡು ಯಾರು, ಹೆಣ್ಣು ಯಾರು, ಅದನ್ನ ಹೇಳು ಮೊದ್ಲು."

ಅವಳ ಹಿಂದೆ ಇಸ್ತ್ರಿ ಅಂಗಡಿಯವನು ಬಂದ, ಅವನ ಹಿಂದೆ ಅವನ ಮನೆಯವರು, ಅವರ ಹಿಂದೆ ಊಟಕ್ಕೆ ಎಲ್ಲಿ ಕೂರಬೇಕು ಅಂತ ಕೇಳಿಕೊಂಡು ಇವರಿಗೆ ಗುರುತೇ ಇಲ್ಲದ ಇಬ್ಬರು. ಎಲ್ಲರಿಗೂ ಟೇಲರು ಒಂದೇ ಮಾತು ಹೇಳಿದ: "ತೊಂಬತ್ತೊಂಬತ್ತು ವಾಟು, ಅಷ್ಟೆ ಕಣ್ರೀ." ಯಾರೂ ನಂಬಲಿಲ್ಲ.

ಬ್ಯಾಂಡ್ ಮಾಸ್ಟರು ಬಂದದ್ದು ಆಗ. ದೊಡ್ಡ ಮೀಸೆಯ ಮನುಷ್ಯ. ಬೀದಿ ತಿರುವಿನಲ್ಲೇ ನಿಂತು ಲೈಟು ನೋಡಿದ, ಜನ ನೋಡಿದ, ಗಡಿಯಾರ ಹಿಡಿದ ದೊಡ್ಡಮ್ಮನನ್ನು ನೋಡಿದ. ಮೀಸೆ ಇಳಿಯಿತು.

"ಟೇಲರೇ," ಅಂದ ಒಳಗೆ ಬಂದು. "ನಿಮ್ಮನೇಲಿ ಮದ್ವೆ. ನನ್ನ ಕೋಟು ನಿಮ್ಮ ಕೈಲಿ. ಆದ್ರೂ ಬ್ಯಾಂಡು ಬೇರೇವ್ರಿಗೆ ಹೇಳಿದೀರಿ. ಅಲ್ವಾ?"

"ಅಯ್ಯೋ, ಹಾಗೇನಿಲ್ಲ..."

"ಕೋಟೆಲ್ಲಿ?"

"ಇನ್ನರ್ಧ ಗಂಟೆ, ಗುಂಡಿ ಒಂದು..."

ಬ್ಯಾಂಡ್ ಮಾಸ್ಟರು ಮಿಷನ್ನಿನ ಮೇಲಿದ್ದ ತೋಳಿಲ್ಲದ, ಕಾಲರಿಲ್ಲದ, ಬೆನ್ನೂ ಅರ್ಧವಿದ್ದ ಬಟ್ಟೆ ನೋಡಿದ. ಅಷ್ಟು ಬೆಳಕಿನಲ್ಲಿ ಅದನ್ನು ಮುಚ್ಚಿಡುವ ದಾರಿಯೇ ಇರಲಿಲ್ಲ. "ಗೊತ್ತಾಯ್ತು ಬಿಡಿ. ಮದ್ವೆ ಗಡಿಬಿಡೀಲಿ ನಮ್ಮ ಕೆಲಸ ಯಾಕೆ ಮಾಡ್ತೀರಿ?" ಅಂದು ಬಟ್ಟೆಯನ್ನು ಮಡಚಿ ಬಗಲಲ್ಲಿ ಇರುಕಿಕೊಂಡ.

ಟೇಲರ ಕಣ್ಣ ಮುಂದೆ ಪ್ಯಾಂಟುಗಳ ರಾಶಿ ಎದ್ದು ನಿಂತಿತು. ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಬೇರೆ ಬ್ಯಾಂಡಾ? ಛೇ ಛೇ! ನಿಮ್ಮದೇ ಅಂತ ಇವತ್ತು ಹೇಳೋಣ ಅಂತಲೇ ನಾವು ಕಾಯ್ತಿದ್ದದ್ದು!"

ಗದ್ದಲ ನಿಂತಿತು. ಮೀಸೆ ಮೇಲೇರಿತು. "ಹೌದಾ? ಯಾರ ಮದ್ವೆ?"

ಟೇಲರು ಬೆರಳೆತ್ತಿದ. ಬೆರಳು ಕೋಣೆಯಲ್ಲೊಂದು ಸುತ್ತು ಬಂತು. ಹೆಂಡತಿಯ ಹತ್ತಿರ ನಿಲ್ಲುವ ಹಾಗಿರಲಿಲ್ಲ. ಮೀಟರ್ ಅಜ್ಜನ ಹತ್ತಿರ ಒಂದು ಕ್ಷಣ ತಡವರಿಸಿತು, ಅಜ್ಜ ಅಂಗಿ ಸರಿಮಾಡಿಕೊಂಡ. ಬೆರಳು ಮುಂದೆ ಹೋಗಿ, ಸ್ಟೂಲಿನ ಮೇಲೆ ಹತ್ತಿ ಸಡಿಲವಾದ ಬಲ್ಬೊಂದನ್ನು ತಿರುಗಿಸುತ್ತಿದ್ದ ಹೆಂಡತಿಯ ತಮ್ಮನ ಮೇಲೆ ಬಂದು ನಿಂತಿತು.

"ಇವನದು."

ಈಗ ಇವನು ಸ್ಟೂಲಿಂದ ಇಳಿದು ಬಂದು ನಾಲ್ಕು ಬಾರಿಸುತ್ತಾನೆ ಅಂತ ಟೇಲರು ಕಣ್ಣು ಮುಚ್ಚಿಕೊಂಡ. ಏಟು ಬೀಳಲಿಲ್ಲ. ಕಣ್ಣು ತೆರೆದರೆ ಮೈದುನ ಕಿವಿಯವರೆಗೂ ಕೆಂಪಾಗಿದ್ದಾನೆ. ಅದು ಹಳದಿ ಬಲ್ಬಿನಿಂದ ಆದದ್ದಲ್ಲ.

"ಭಾವ," ಅಂದ ಮೆಲ್ಲಗೆ. "ನಿಮಗೆ ಹೇಗೆ ಗೊತ್ತಾಯ್ತು?"

"ಏನು?"

"ಅದೇ, ಅಂಗಡೀಲಿ ಬಿಲ್ ಹಾಕ್ತಾಳಲ್ಲ, ಅವಳ ವಿಷಯ. ಅಕ್ಕಂಗೆ ಹೇಳೋಕೆ ಭಯ ಆಗ್ತಿತ್ತು. ಅವ್ರ ಮನೆಯವ್ರೂ ಒಪ್ಪಿದಾರೆ."

ಅಕ್ಕ ಸರವನ್ನು ಹಿಡಿದುಕೊಂಡು ಅತ್ತಳು, ನಕ್ಕಳು, ಗಂಡನ ಕಡೆ ತಿರುಗಿ, "ನೋಡೋಕೆ ಪೆದ್ದರ ಥರ ಇದ್ರೂ ಎಲ್ಲಾ ತಿಳ್ಕೊಂಡು ಲೈಟ್ ಹಾಕ್ಸಿದಾರೆ ನಮ್ಮನೆಯವ್ರು!" ಅಂದಳು. ಮದುವೆಯಾದ ಮೇಲೆ ಅವಳು ಅವನನ್ನು ಹೊಗಳಿದ್ದು ಅದೇ ಮೊದಲು. ದೊಡ್ಡಮ್ಮ ಗೆದ್ದವಳ ಹಾಗೆ ಗಡಿಯಾರವನ್ನು ಮೇಜಿನ ಮೇಲೆ ಕುಕ್ಕಿದಳು.

ಬ್ಯಾಂಡ್ ಮಾಸ್ಟರು ಬಗಲಿನ ಬಟ್ಟೆಯನ್ನು ವಾಪಸ್ ಮಿಷನ್ನಿನ ಮೇಲಿಟ್ಟ. "ಆರ್ಡರು ನಿಮಗೇ ಟೇಲರೇ. ಮದ್ವೆಗೆ ನಾವು ಬಾರಿಸ್ತೀವಿ, ನಮ್ಮ ಕೋಟೆಲ್ಲ ನೀವು ಹೊಲೀತೀರಿ. ನೀವೂ ಕೊಡೋದು ಬೇಡ, ನಾವೂ ಕೊಡೋದು ಬೇಡ. ನಮ್ಮ ನಮ್ಮಲ್ಲಿ ದುಡ್ಡಿನ ಮಾತ್ಯಾಕೆ?"

ಜನ ಚಪ್ಪಾಳೆ ತಟ್ಟಿದರು. ಟೇಲರು ಏನಾದರೂ ಹೇಳುವ ಮೊದಲೇ ಹೆಂಡತಿ ಕೋಣೆಯನ್ನು ನಾಲ್ಕೂ ಕಡೆ ನೋಡಿದಳು.

"ಮದ್ವೆ ಆದ್ಮೇಲೆ ಆ ಡಬ್ಬಗಳ ಮಧ್ಯೆ ಹುಡುಗೀನ ಇಡೋಕಾಗುತ್ತಾ? ಇಲ್ಲೇ ಇರ್ಲಿ. ಈ ಕೋಣೆ ನೋಡಿ, ಎಷ್ಟು ಬೆಳಕಾಗಿದೆ!"

"ಇಲ್ಲಿ ನನ್ನ ಮಿಷನ್ನಿದೆಯಲ್ಲೇ!"

"ಅದಕ್ಕೇನು ಭಾವ," ಅಂದ ತಮ್ಮ, ಉದಾರವಾಗಿ. "ನನ್ನ ಅಂಗಡೀಲಿ ಒಂದು ಮೂಲೆ ಖಾಲಿ ಇದೆ. ನಾಳೆನೇ ತಂದಿಟ್ಕೊಳ್ಳಿ. ಕೋಟು ಹೊಲಿಯೋದು ಬೇಜಾರಾದಾಗ ಒಂದೆರಡು ಪ್ಯಾಂಟು ಮಡಚಿದ್ರೆ ಸಾಕು."

ಅಷ್ಟು ಹೇಳಿ ಅವನು ಸಾಲಿನಿಂದ ಒಂದು ಬಿಳಿ ಬಲ್ಬು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ ಭಾವನ ಕೈಗಿಟ್ಟ. "ಇದನ್ನ ಅಲ್ಲಿ ಹಾಕ್ಕೊಳ್ಳಿ."

"ಒಂದೇ ಒಂದಾ? ಒಂದ್ರಲ್ಲಿ ಏನ್ ಕಾಣುತ್ತೋ?"

"ಒಂದು ಧಾರಾಳ ಆಯ್ತು. ನಿಮ್ಮ ಹಳೇ ನೂರಕ್ಕೆ ಇದೊಂದು ಸಮ. ನನ್ನ ಅಂಗಡೀಲಿ ಆ ಕಡೆಗೊಂದು, ಈ ಕಡೆಗೊಂದು, ಅಷ್ಟೇ ಇರೋದು."

ಟೇಲರು ಬಲ್ಬನ್ನೂ ಮೈದುನನನ್ನೂ ನೋಡಿದ. "ಇದನ್ನ ಬೆಳಗ್ಗೆ ಬೊಗಳೋಕೆ ಏನಾಗಿತ್ತು ನಿಂಗೆ?"

"ನೀವು ಎಲ್ಲಿ ಕೇಳಿದ್ರಿ ಭಾವ? ವೈರ್ ಕೇಳಿದ್ರಿ, ತಂದ್ಕೊಟ್ಟೆ."

ಜನ ಸಿಹಿ ಎಲ್ಲಿ ಅಂತ ಕೇಳುತ್ತ ಒಳಮನೆಗೆ ನುಗ್ಗಿದರು. ಬಾಗಿಲ ಹೊರಗೆ, ಮಿನುಗುವ ಸಾಲಿನ ಕೆಳಗೆ ಟೇಲರೊಬ್ಬನೇ ಬಲ್ಬು ಹಿಡಿದುಕೊಂಡು ಕೂತ. ಮೀಟರ್ ಅಜ್ಜ ಬಂದು ಪಕ್ಕದಲ್ಲಿ ಕೂತು, ಅವನ ಬೆನ್ನ ಮೇಲೆ ಕೈಯಿಟ್ಟ.

"ಯೋಚ್ನೆ ಮಾಡ್ಬೇಡ ಕಣೋ. ಏನೇ ಆಗ್ಲಿ, ಒಂದು ವಾಟು ಉಳೀತಲ್ಲ."