ಬದಲಿ ಕಿವಿ

ಒಳಗಿವಿಯಲ್ಲಿ ದೋಷವಿದ್ದವನಿಗೆ ಭೂಮಿ ತಿರುಗಿದಂತಾಗುತ್ತದೆ. ಆದರೆ ಚಿತ್ರದಲ್ಲಿ ಕಾಣದ ಹೊರತು ಅದು ತಿರುಗಿದೆಯೆಂದು ಪರಿಗಣಿಸತಕ್ಕದ್ದಲ್ಲ. ಪಾಲಬಾವಿಗೆ ಬಂದ ಸಂಚಾರಿ ಒಳಗಿವಿ ಚಿತ್ರಣ ಕೇಂದ್ರದ ಮೊದಲ ನಿಯಮವೇ ಇದು.

ಕುರಿಗಾರ ಕಾಮಣ್ಣನಿಗೆ ಸುಗ್ಗಿಯಿಂದಲೂ ಭೂಮಿ ತಿರುಗುತ್ತಿತ್ತು. ಕುರಿಗಳ ಹಿಂದೆ ಹೊರಟರೆ ಸಾಕು, ಹೋಗಿ ಬೇಲಿಯಲ್ಲಿ ಬೀಳುತ್ತಿದ್ದ. ಕುರಿ ಕಾಯಲಾಗದವನು ಎಂಥ ಕುರಿಗಾರ ಎಂಬ ಸಂಕಟ ಅವನನ್ನು ತಲೆಸುತ್ತಿಗಿಂತ ಹೆಚ್ಚು ತಿನ್ನುತ್ತಿತ್ತು. ಹೇಗಾದರೂ ಗುಣವಾಗಲಿ ಎಂದು ಕೇಂದ್ರಕ್ಕೆ ಬಂದ.

ಯಂತ್ರದೊಳಗೆ ಲೋಹ ನಿಷಿದ್ಧ. ಕಾಮಣ್ಣನ ಕಿವಿಯಲ್ಲೋ ಮಂಗಸೂಳಿ ಮಲ್ಲಯ್ಯನ ಹರಕೆಯ ಉಂಗುರ.

"ಅದನ್ನ ತೆಗೀರಿ," ಎಂದರು ಡಾಕ್ಟರ್ ಪ್ರಾಜಕ್ತಾ.

"ಬೇಕಾದ್ರ ಕಿವೀನ ತೆಗೀರಿ. ಇದನ್ನ ಮುಟ್ಟಬ್ಯಾಡ್ರಿ, ದೇವ್ರದ್ದೈತಿ."

ಹೆಂಡತಿ ಹೊಳೆವ್ವ ಮುಂದೆ ಬಂದಳು. "ಅಕ್ಕಾರ, ಗಂಡ ಹರಕಿ ಹೊತ್ತ ದೀಡ ನಮಸ್ಕಾರ ಹೆಂಡ್ತಿ ಹಾಕಿದ್ರೂ ದೇವ್ರು ಒಪ್ಪತಾನ. ನಾ ಮಲಗ್ಲೇನ್ರಿ?"

ದೇವರೇ ಒಪ್ಪಿದ ಮೇಲೆ ಇಲಾಖೆ ಒಪ್ಪದಿರುವುದು ಶಿಷ್ಟಾಚಾರವಲ್ಲ. ತಿಂಗಳ ಗುರಿಗೂ ಇನ್ನೊಂದು ಕಿವಿ ಬೇಕಿತ್ತು. ಕೂಡಲೇ ಬಾಗಿಲಿಗೆ ಪ್ರಕಟಣೆ ಅಂಟಿತು: "ರೋಗಿಯ ಕಿವಿ ಲಭ್ಯವಿಲ್ಲದ ಪಕ್ಷದಲ್ಲಿ ಅದೇ ರೇಷನ್ ಕಾರ್ಡಿನ ಇನ್ನೊಂದು ಕಿವಿಯನ್ನು ಸ್ವೀಕರಿಸತಕ್ಕದ್ದು."

ಹೊಳೆವ್ವ ತಾಳಿ ಬಿಚ್ಚಿ, ಬದಲಿಗೆ ಅರಿಶಿನದ ಕೊಂಬು ಕಟ್ಟಿಕೊಂಡು ಮಲಗಿದಳು. ಕಾಮಣ್ಣನ ಒಳಗಿವಿ ತುಸು ಉಬ್ಬಿದ್ದು ಚಿತ್ರದಲ್ಲಿ ಸ್ಪಷ್ಟವಾಗಿ ಕಂಡಿತು.

ಗುಳಿಗೆ ಬಂತು. ಕಾಮಣ್ಣ ಕೈ ಚಾಚಿದ.

"ನಿಮಗಲ್ರಿ," ಎಂದರು ಡಾಕ್ಟರ್. "ಬಾವು ಎಲ್ಲೈತಿ, ಗುಳಿಗಿ ಅಲ್ಲಿಗೇ ಹೋಗಬೇಕು."

"ತಲಿ ನಂದು ತಿರಗಾಕತ್ತೈತ್ರಿ!"

"ತಿರಗೂದು ನಿಮ್ದು, ದೋಷ ಅವರ್ದು. ಎರಡೂ ಒಂದ ಫೈಲಿನ್ಯಾಗ ಅದಾವಲ್ರಿ, ಮತ್ತೇನು?"

ಕಾಮಣ್ಣ ಚಾಚಿದ ಕೈ ಹಿಂದಕ್ಕೆಳೆದುಕೊಂಡ. ಹೊಳೆವ್ವ ಹೊತ್ತು ತಪ್ಪದೆ ಮಜ್ಜಿಗೆಯಲ್ಲಿ ಗುಳಿಗೆ ನುಂಗಿದಳು. ಮುಂದಿನ ಚಿತ್ರದಲ್ಲಿ ಉಬ್ಬು ಮಾಯವಾಗಿತ್ತು. ಕಾಮಣ್ಣ ಸಂಪೂರ್ಣ ಗುಣಮುಖನೆಂದು ಘೋಷಿಸಿ, ಪಂಚಾಯತಿ ಕಟ್ಟೆಯ ಮೇಲೆ ಶಾಲು ಹೊದಿಸಿದರು. ಕೈಮುಗಿಯಲು ಬಾಗಿದವನು ಹಾಗೇ ಮುಗ್ಗರಿಸಿ ಬಿದ್ದ. ಸಂತೋಷಾತಿರೇಕದಿಂದ ಬಿದ್ದನೆಂದು ವರದಿಯಲ್ಲಿ ನಮೂದಾಯಿತು.

"ಸಾವಕಾಶ ಕಾಮಣ್ಣಾ, ಈಗಷ್ಟ ಗುಣ ಆಗೀದಿ," ಎಂದು ಊರವರು ಎತ್ತಿ ಕೂರಿಸಿದರು.

ಮರುದಿನ ಬೆಳಿಗ್ಗೆ ಗುಣವಾದ ಕಾಮಣ್ಣ ಹಟ್ಟಿಯ ಕಂಬ ತಬ್ಬಿಕೊಂಡು ಕುಳಿತ. ರೋಗಿ ಹೊಳೆವ್ವ ಅವನ ಕೋಲು ಹಿಡಿದು ಕುರಿ ಹೊಡೆದುಕೊಂಡು ಹೊರಟಳು. ಅವಳು ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಕಾಮಣ್ಣ ಹಿಂದಿನಿಂದ ಕೂಗಿದ:

"ಏ ಹೊಳೆವ್ವಾ! ಇವತ್ತ ಭಾಳ ತಿರಗಾಕತ್ತೈತಿ. ಇನ್ನೊಂದ ಗುಳಿಗಿ ನುಂಗ!"